ಅತ್ತೆಯ ದನಿ

ನಮ್ಮ ರತ್ನಾವತಿ ಅಕ್ಕನಿಗೆ ಹಾಡಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮದ್ರಾಸಿನ ತಿರುವಲ್ಲಿಕ್ಕೇಣಿಯ ಅರ್ಧ ಜನ ಇವತ್ತಿಗೂ ಬೇರೆಯೇ ಹೇಳುತ್ತಾರೆ. ಶ್ರುತಿ ಒಂದು ದಿಕ್ಕಿಗಾದರೆ ಅವಳು ಇನ್ನೊಂದು ದಿಕ್ಕಿಗೆ. ಆದರೆ ಬೆಳಿಗ್ಗೆ ಹಾಸಿಗೆ ಸುತ್ತುವಾಗ ಹಿಡಿದ ದೇವರನಾಮವನ್ನು ರಾತ್ರಿ ಕಣ್ಣು ಮುಚ್ಚುವವರೆಗೆ ಬಿಡುತ್ತಿರಲಿಲ್ಲ. ನಲ್ಲಿಯ ಕೆಳಗೆ ಕೊಡ ಇಟ್ಟರೂ ಹಾಡು, ಕಾಯಿ ತುರಿದರೂ ಹಾಡು, ಬಟ್ಟೆ ಹಿಂಡಿದರೂ ಹಾಡು. ಒಂದು ಮುಗಿದ ಕೂಡಲೇ ಉಸಿರು ಕೂಡ ತೆಗೆದುಕೊಳ್ಳದೆ ಇನ್ನೊಂದಕ್ಕೆ ಹಾರುತ್ತಿದ್ದಳು. ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಒಂದೇ ಅಡುಗೆಮನೆಯಲ್ಲಿ ಇಬ್ಬರೂ ಬೇಯುತ್ತಿದ್ದವರು. ಆ ಹಾಡನ್ನು ನನ್ನಷ್ಟು ಕೇಳಿದವರು ಇನ್ನೊಬ್ಬರಿಲ್ಲ.

ನಮ್ಮ ಮಾವಯ್ಯ ಸುಬ್ರಾಯರು ಕುಂದಾಪುರದ ಕಡೆಯಿಂದ ಬರಿಗೈಯಲ್ಲಿ ಮದ್ರಾಸಿಗೆ ಬಂದು, ಪಾರ್ಥಸಾರಥಿ ಗುಡಿಯ ಕೊಳದ ಹತ್ತಿರ ಹೋಟೆಲು ಹಾಕಿದವರು. ಮುಂದೆ ಹೋಟೆಲು, ಹಿಂದೆ ಮನೆ, ನಡುವೆ ಒಂದು ಗೋಡೆ. ಗಲ್ಲಾಪೆಟ್ಟಿಗೆಯ ಮುಂದೆ ರತ್ನಾವತಿ ಅಕ್ಕನ ಗಂಡ ಕಿಟ್ಟಣ್ಣ ಭಾವ ಕೂರುತ್ತಿದ್ದರು. ಪ್ಯಾರೀಸ್ ಕಾರ್ನರಿನ ಮಂಡಿಗಳಿಗೆ ಹೋಗಿ ಬೇಳೆ, ಮೆಣಸಿನಕಾಯಿ ತರುವುದು ನನ್ನ ಯಜಮಾನರು ರಘುರಾಮರ ಕೆಲಸ. ಕಾಫಿಗೆ ಬಂದವರಿಗೆ ಗೋಡೆಯಾಚೆಯಿಂದ ಅಕ್ಕನ ಹಾಡು ಕೇಳುತ್ತಿತ್ತು. ಮೊದಮೊದಲು ರೇಡಿಯೋ ಇರಬೇಕೆಂದುಕೊಂಡರಂತೆ. ಆಮೇಲೆ ಮೈಲಾಪುರದ ರಮಾಬಾಯಿಯವರಂಥ ದೊಡ್ಡ ಮನೆಯವರು ಹೂವು ಹಿಡಿದುಕೊಂಡು ಬಂದು ಅವಳ ಕೈಯಿಂದ ಕುಂಕುಮ ಇಡಿಸಿಕೊಂಡು ಹೋಗತೊಡಗಿದರು. ಮಾವಯ್ಯನ ಎದೆ ಉಬ್ಬಿಹೋಯಿತು. "ನಮ್ಮ ಹಿರೀ ಸೊಸೆ ಉಸಿರಾಡುವುದೇ ದೇವರ ಹೆಸರಿನಲ್ಲಿ" ಎಂದು ಇಡ್ಲಿ ತಿನ್ನಲು ಬಂದವರಿಗೂ ಹೇಳುತ್ತಿದ್ದರು. ಕಿರಿಯ ಸೊಸೆಯಾದ ನನಗೆ ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು.

ಐವತ್ತೊಂಬತ್ತನೆಯ ಇಸವಿಯ ಆಷಾಢದಲ್ಲಿ ಅವಳಿಗೆ ನೆಗಡಿಯಾಗಿ ಗಂಟಲು ಕಟ್ಟಿತು. ಒಂದು ದಿನ ದನಿ ಪೂರ್ತಿ ಹೋಯಿತು. ನಾನು ಹಿತ್ತಿಲಲ್ಲಿ ಹಿಟ್ಟು ರುಬ್ಬುತ್ತಿದ್ದೆ. ಮನೆಯೊಳಗೆ ಏನೂ ಕೇಳಿಸದಿರುವುದು ಇದ್ದಕ್ಕಿದ್ದಂತೆ ಗಮನಕ್ಕೆ ಬಂತು. ಆಹಾ, ಒಂದು ದಿನವಾದರೂ ಕಿವಿಗೆ ಸುಖ ಎಂದುಕೊಂಡು ತಲೆ ಎತ್ತಿದೆ. ಅಕ್ಕ ಒಲೆಯ ಮುಂದೆ ನಿಂತಿದ್ದಳು. ಸಂಡಿಗೆ ಕರಿಯಲು ಇಟ್ಟ ಎಣ್ಣೆ ಹೊಗೆಯಾಡುತ್ತಿತ್ತು. ಬಲಗೈಯ ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಂಡು, ಬೆರಳುಗಳನ್ನು ನೆಟ್ಟಗೆ ಚಾಚಿ, ಕೈಯನ್ನು ಬಾಣಲೆಯೊಳಗೆ ಇಳಿಸುತ್ತಿದ್ದಳು. ಜಾರಿ ಬೀಳುತ್ತಿರುವ ಕೈ ಅದಲ್ಲ. ಬಿಂದಿಗೆಯಲ್ಲಿ ನೀರು ಎಷ್ಟಿದೆ ನೋಡಲು ಇಳಿಸುವ ಹಾಗೆ ನಿಧಾನವಾಗಿ ಇಳಿಸುತ್ತಿದ್ದಳು.

ಹಿಟ್ಟಿನ ಕೈಯಲ್ಲೇ ಓಡಿಹೋಗಿ ಅವಳನ್ನು ಹಿಂದಕ್ಕೆಳೆದೆ. ಅವಳು ಮಾತ್ರ ಹೆದರಿದಂತೆ ಕಾಣಲಿಲ್ಲ.

"ಬಿಡು ತುಂಗಾ" ಎಂದಳು, ಬರಿಯ ಉಸಿರಿನಲ್ಲಿ. "ಅತ್ತೆ ಬಿಡುವುದಿಲ್ಲ. ಹಾಡಿದರೆ ಮಾತ್ರ ಸುಮ್ಮನಿರ್ತಾರೆ. ಈಗ ನನಗೆ ದನಿ ಇಲ್ಲ ಅಂತ ಅವರಿಗೆ ಗೊತ್ತಾಗಿದೆ."

ಅತ್ತೆ ತೀರಿಹೋಗಿ ಎರಡು ವರ್ಷ ಕಳೆದಿತ್ತು.

ಅತ್ತೆ ಎಂದರೆ ನಮ್ಮ ಗಂಡಂದಿರ ತಾಯಿ, ಅಮ್ಮಣ್ಣಿ. ಮಡಿ ಎಂದರೆ ಅವರೇ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಕೃಷ್ಣಾಷ್ಟಮಿ ಬಂತು. ನಮ್ಮವರಲ್ಲಿ ಅಷ್ಟಮಿಯ ದಿನ ಚಂದ್ರ ಹುಟ್ಟಿ ಅರ್ಘ್ಯ ಕೊಡುವ ತನಕ ಹನಿ ನೀರೂ ಬಾಯಿಗೆ ಹಾಕುವಂತಿಲ್ಲ. ಆದರೆ ಹಗಲಿಡೀ ಒಲೆಯ ಮುಂದೆ ಕೂತು ದೇವರಿಗೆ ಚಕ್ಕುಲಿ ಸುಡಬೇಕು, ಉಂಡೆ ಕಟ್ಟಬೇಕು. ಅಕ್ಕ ಆಗ ಏಳು ತಿಂಗಳ ಬಸುರಿ. ಅವಳ ಸೆರಗಿನಲ್ಲಿ ಅತ್ತೆಗೆ ಚಕ್ಕುಲಿಯ ಒಂದು ಚೂರು ಸಿಕ್ಕಿತು. "ತಿಂದಿಯಾ?" ಎಂದರು. ಇಲ್ಲ ಎಂದಳು. "ಹಾಗಾದರೆ ಕಾದ ಎಣ್ಣೆಗೆ ಕೈ ಹಾಕಿ ಹೇಳು" ಎಂದರು ಅತ್ತೆ. ನಾನು ಬಾಗಿಲಲ್ಲೇ ನಿಂತಿದ್ದೆ. ಕಿಟ್ಟಣ್ಣ ಭಾವ ಬಂದು ಅಮ್ಮನನ್ನು ಹೇಗೋ ಸಮಾಧಾನ ಮಾಡಿ ಕರೆದುಕೊಂಡು ಹೋದರು. ಮುಂದಿನ ತಿಂಗಳು ಮಗು ಹುಟ್ಟುವಾಗಲೇ ಸತ್ತಿತ್ತು. ಅತ್ತೆ ಆಗ ಒಂದೇ ಮಾತು ಹೇಳಿದರು: "ಕೈ ಹಾಕಿದ್ದರೆ ಕೈ ಮಾತ್ರ ಹೋಗ್ತಿತ್ತು." ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

"ನಾನು ತಿಂದಿದ್ದೆ ತುಂಗಾ" ಎಂದಳು ಅಕ್ಕ. ಯಾರಿಗೂ ಹೇಳದ ಮಾತು ಅದು. "ಮಾವಯ್ಯನಿಗೆ ಹೇಳಬೇಡ. ಅತ್ತೆ ಮಾತಾಡ್ತಾರೆ ಅಂತ ಹೇಳಿದರೆ ಯಾಕೆ ಮಾತಾಡ್ತಾರೆ ಅಂತಲೂ ಹೇಳಬೇಕಾಗ್ತದೆ."

ಒಲೆಯ ಬೆಂಕಿ ಎಳೆದುಹಾಕಿ, ಸಂಡಿಗೆ ಇಲ್ಲದೆಯೇ ಆ ದಿನ ಊಟ ಬಡಿಸಿದೆ. ಮಾರನೆಯ ದಿನ ಗುಡಿಗೆ ಎಂದು ಹೇಳಿ ಮೈಲಾಪುರದ ರಮಾಬಾಯಿಯವರ ಮನೆಗೆ ಹೋದೆ. ಅವರ ಮಗ ಕಮಲಾಕರ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು. ನಮ್ಮ ಹೋಟೆಲಿನ ರವೆದೋಸೆಗೆ ವಾರವಾರ ಬರುವ ಗಿರಾಕಿ. ಮೂರು ತಲೆಮಾರಿನಿಂದ ಮದ್ರಾಸಿನಲ್ಲಿದ್ದ ಮನೆತನ. ಅವರ ಕನ್ನಡದಲ್ಲಿ ಅರ್ಧ ತಮಿಳು, ಕಾಲು ಇಂಗ್ಲೀಷು. ತಾಯಿ ಒಳಗೆ ಕಾಫಿ ಮಾಡುತ್ತಿರುವಾಗ, ಯಾರ ಹೆಸರನ್ನೂ ಎತ್ತದೆ ವಿಷಯ ಹೇಳಿದೆ. ಹೆಸರು ಎತ್ತಬೇಕಾಗಿಯೂ ಇರಲಿಲ್ಲ.

"ತುಂಗಕ್ಕ, ಶುಮ್ಮಾ ಒಂದು ಕೆಲಸ ಮಾಡಿ" ಎಂದರು ಡಾಕ್ಟರು. "ಬಾಯಿ ಪೂರ್ತಿ ತೆಗೀರಿ. ನಾಲಿಗೆ ಆಡಿಸ್ಬೇಡಿ. ಹಾಗೇ ಇಟ್ಕೊಂಡು ಮನಸ್ಸಲ್ಲೇ 'ಬೊಂಬಾಯಿ ಪಪ್ಪಡ' ಅಂತ ಅಂದ್ಕೊಳ್ಳಿ ನೋಡೋಣ."

ಮೂವತ್ತರ ಹೆಂಗಸು ಪರರ ಮನೆಯ ಹಜಾರದಲ್ಲಿ ಬಾಯಿ ತೆರೆದುಕೊಂಡು ಕೂರುವುದೆಂದರೆ ಎಂಥ ಚಂದ! ಆದರೂ ಮಾಡಿದೆ. ವಿಚಿತ್ರವೆಂದರೆ, ಮನಸ್ಸಿನೊಳಗಿನ ಮಾತೂ ತೊದಲಿತು. ತುಟಿ ಮುಚ್ಚದೆ ಆ 'ಬ', ಆ 'ಪ' ಒಳಗೂ ನೆಟ್ಟಗೆ ಬರಲೊಲ್ಲವು.

"ನೋಡಿದ್ರಾ? ಮನಸ್ಸಲ್ಲಿ ಮಾತಾಡೋವಾಗ ನಾಲಿಗೆ ರೆಸ್ಟಲ್ಲಿ ಇರತ್ತೆ ಅನ್ಕೋತೀವಿ. ಇಲ್ಲ. ಮೆದುಳು ಬಾಯಿಗೆ ಆರ್ಡರ್ ಕೊಡತ್ತೆ, ಹಿಂದೇನೇ ಶಬ್ದ ಬೇಡ ಅಂತಾನೂ ಹೇಳತ್ತೆ. ನಾಲಿಗೇಲಿ, ಗಂಟಲಲ್ಲಿ ಕೊಂಜ ಕೊಂಜ ಅಲುಗಾಟ ಇದ್ದೇ ಇರತ್ತೆ, ಸೂಜಿ ಚುಚ್ಚಿ ಅಳೆದು ನೋಡಿದ್ದಾರೆ. ಅದರ ಜೊತೆಗೆ ಕೇಳಿಸ್ಕೊಳ್ಳೋ ಭಾಗಕ್ಕೂ ಒಂದು ಸಮಾಚಾರ ಹೋಗ್ಬೇಕು, ಇದು ನಮ್ಮದೇ ಮಾತು, ಬೆಚ್ಚಬೇಡ ಅಂತ. ಆ ಸಮಾಚಾರ ದಾರೀಲಿ ತಪ್ಪಿಹೋದ್ರೆ? ನಮ್ಮ ಮಾತೇ ನಮಗೆ ಇನ್ಯಾರದೋ ಆಗಿ ಕೇಳತ್ತೆ. ಇದರಲ್ಲಿ ಅರ್ಧ ನಾನು ಓದಿದ್ದು, ಅರ್ಧ ನನ್ನ ಊಹೆ. ಗ್ಯಾರಂಟಿ ಕೇಳ್ಬೇಡಿ."

ನನಗೆ ಥಟ್ಟನೆ ಅರ್ಥವಾಯಿತು. ಸಪ್ಲೈಯರ್ ಕೂಗಿದ ಆರ್ಡರು ಅಡುಗೆಮನೆಗೆ ಕೇಳುತ್ತದೆ, ಕೂಗಿದವರು ಯಾರೆಂದು ಒಳಗಿನವರಿಗೆ ಗೊತ್ತಾಗುವುದಿಲ್ಲ.

"ಹಾಗಾದರೆ ಅತ್ತೆ ಅಲ್ಲವೇ ಅಲ್ಲ?"

"ಅಲ್ಲ. ನಿಮ್ಮ ಅಕ್ಕನೇ. ಅದಕ್ಕೇ ಹಾಡಿದ್ರೆ ನಿಲ್ಲತ್ತೆ. ಇರೋ ನಾಲಿಗೆ ಒಂದೇ ಅಲ್ವಾ?" ತಾಯಿ ಬರುವ ಸದ್ದಾಗಿ ದನಿ ತಗ್ಗಿಸಿದರು. "ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಹೊಸ ಮಾತ್ರೆ ಬಂದಿದೆ. ಅಲ್ಲೀ ತನಕ ಬಾಯಿ ಖಾಲಿ ಬಿಡ್ಬೇಡಿ. ಹಾಡು ಬರ್ಲಿಲ್ಲಾಂದ್ರೆ ಬಾಯ್ತುಂಬ ನೀರು ಹಿಡ್ಕೊಳ್ಳಲಿ. ಏನಾದ್ರೂ ಅಗೀತಾ ಇರಲಿ."

ದಾರಿಯುದ್ದಕ್ಕೂ ನನಗೆ ಖುಷಿಯೋ ಖುಷಿ. ಸತ್ತವರು ಬಂದು ಕಾಡುತ್ತಿಲ್ಲ, ದೆವ್ವವಲ್ಲ, ಶಾಪವಲ್ಲ, ಮೆದುಳಿನಲ್ಲಿ ಒಂದು ಸಮಾಚಾರ ದಾರಿ ತಪ್ಪುತ್ತಿದೆ, ಅಷ್ಟೇ! ಇದಕ್ಕಿಂತ ಸಮಾಧಾನದ ಮಾತು ಉಂಟೇ? ಮನೆಗೆ ಬಂದವಳೇ ಅಕ್ಕನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. "ಅತ್ತೆ ಅಲ್ಲ ಅಕ್ಕ. ಅದು ನೀನೇ ಅಂತೆ. ನಿನ್ನದೇ ಮಾತು."

ಅವಳ ಮುಖದ ರಕ್ತವೆಲ್ಲ ಇಳಿದುಹೋಗಿತ್ತು.

"ಅತ್ತೆಯಾದರೆ ಒಂದು ದಿನ ಸಾಕಾಗಿ ಹೋಗ್ತಾರೆ ಅಂತ ಇತ್ತು" ಎಂದಳು. "ಶ್ರಾದ್ಧ ಮಾಡಿದರೆ ಹೋಗ್ತಾರೆ, ಕಾಶಿಗೆ ಹೋದರೆ ಹೋಗ್ತಾರೆ ಅಂತ ಇತ್ತು. ನಾನೇ ಆದರೆ ಎಲ್ಲಿಗೆ ಓಡಲಿ?"

ಡಾಕ್ಟರನ್ನು ಕೇಳಬೇಕಾದ ಪ್ರಶ್ನೆ ಅದಾಗಿತ್ತು. ನಾನು ಬರಿಯ ಪಪ್ಪಡದ ಪಾಠ ಕಲಿತು ಬಂದಿದ್ದೆ.

ಅದೇ ವಾರ ಇನ್ನೊಂದು ಅನಾಹುತವಾಯಿತು. ಊರ ಕಡೆಯ ಒಂದು ಸಣ್ಣ ಮಠದ ಸ್ವಾಮಿಗಳು ಆ ವರ್ಷದ ಚಾತುರ್ಮಾಸ್ಯಕ್ಕೆ ಮದ್ರಾಸಿನಲ್ಲೇ ಕೂತಿದ್ದರು. ಮಾವಯ್ಯ ಹೋಗಿ ಸೊಸೆಯ ಭಕ್ತಿಯನ್ನು ಬಾಯ್ತುಂಬ ಹೊಗಳಿದರು. ವಯಸ್ಸಾದ ಸ್ವಾಮಿಗಳು ಒಳ್ಳೆಯವರೇ. "ನಾಲಿಗೆಯ ಮೇಲಿನ ನಾಮ ಒಳಗೂ ಇಳಿಯಲಿ. ನಾಲ್ಕು ದಿನ ಮೌನ ಇದ್ದು ನೋಡಲಿ" ಎಂದು ಆಶೀರ್ವಾದ ಮಾಡಿ ಮಂತ್ರಾಕ್ಷತೆ ಕೊಟ್ಟರಂತೆ. ನಾಲ್ಕು ದಿನ ಎಂದದ್ದು ಹೋಟೆಲಿಗೆ ಬರುವಷ್ಟರಲ್ಲಿ ಅಷ್ಟಮಿಯ ತನಕ ಎಂದಾಯಿತು. ಅರ್ಘ್ಯದ ಹೊತ್ತಿಗೆ ಹತ್ತು ಜನರ ಮುಂದೆ ಹಿರೀ ಸೊಸೆ ದೇವರ ಎದುರು ಹಾಡಿ ಮೌನ ಮುರಿಯುವುದೆಂದು ಮಾವಯ್ಯ ತಾವೇ ಗೊತ್ತುಮಾಡಿದರು. ಅಕ್ಕ ಮಂತ್ರಾಕ್ಷತೆಯನ್ನು ತಲೆಗೆ ಹಾಕಿಕೊಂಡಳು. ಇಲ್ಲವೆನ್ನಲಿಲ್ಲ. ಅವಳ ಮುಖ ನೋಡಿದರೆ, ಶಿಕ್ಷೆ ಇನ್ನೂ ಯಾಕೆ ಬಂದಿಲ್ಲವೆಂದು ಕಾದವಳ ಹಾಗಿತ್ತು.

ನಾನು ಸುಮ್ಮನಿರಲಿಲ್ಲ. "ಮಾವಯ್ಯ, ಅಕ್ಕನಿಗೆ ಹುಷಾರಿಲ್ಲ" ಎಂದೆ. "ಹುಷಾರಿಲ್ಲದವರು ದಿನವಿಡೀ ದೇವರನಾಮ ಹೇಳ್ತಾರಾ? ನಿನಗೆ ನಾಲ್ಕು ಹೇಳಲಿಕ್ಕೆ ಬರುವುದಿಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದರು. ಕಿಟ್ಟಣ್ಣ ಭಾವನನ್ನು ಹಿಡಿದು ಬಾಣಲೆಯ ವಿಷಯ ಹೇಳಿದೆ. ಅವರು ತಲೆ ತಗ್ಗಿಸಿದರು. ಅವರಿಗೆ ಮೊದಲೇ ಗೊತ್ತಿತ್ತೆಂದು ಆಗ ತಿಳಿಯಿತು.

"ಡಾಕ್ಟರ ಹತ್ತಿರ ಹೋದರೆ ಕೀಳ್ಪಾಕ್ ಹುಚ್ಚಾಸ್ಪತ್ರೆಗೆ ಸೇರಿಸಿದರು ಅಂತ ನಾಳೆಯೇ ಸುದ್ದಿಯಾಗ್ತದೆ ತುಂಗಾ. ಇವತ್ತು ಕುಂಕುಮಕ್ಕೆ ಬರುವವರು ನಾಳೆ ಅವಳ ಕೈಯಿಂದ ನೀರೂ ಕುಡಿಯುವುದಿಲ್ಲ. ಅಷ್ಟಮಿ ಒಂದು ಕಳೀಲಿ. ಆಮೇಲೆ ನಾನೇ ಕರೆದುಕೊಂಡು ಹೋಗ್ತೇನೆ." ಅವರ ಕಣ್ಣು ತುಂಬಿತ್ತು. ನನಗೆ ಅವರ ಮೇಲೆ ಕನಿಕರವೂ ಬಂತು, ಎರಡು ಬಾರಿಸಬೇಕೆಂದೂ ಅನಿಸಿತು.

ಉಳಿದದ್ದು ನೀರೊಂದೇ. ಮೌನದ ದಿನಗಳಲ್ಲಿ ಅಕ್ಕ ಬಾಯ್ತುಂಬ ನೀರು ಹಿಡಿದುಕೊಂಡು ಕೆಲಸ ಮಾಡಿದಳು. ನುಂಗಿದ ಕೂಡಲೇ ಇನ್ನೊಂದು ಲೋಟ ನಾನು ಕೈಗೆ ಕೊಡುತ್ತಿದ್ದೆ. ಡಾಕ್ಟರ ಮಾತು ಸುಳ್ಳಾಗಲಿಲ್ಲ. ಕೆನ್ನೆ ಉಬ್ಬಿಸಿಕೊಂಡಿದ್ದಷ್ಟು ಹೊತ್ತು ಅವಳ ಕಣ್ಣು ಶಾಂತವಾಗಿರುತ್ತಿತ್ತು. ಮಾವಯ್ಯ ಇದನ್ನೂ ನೋಡಿದರು. "ಬರೀ ಮೌನ ಅಲ್ಲ, ನೀರು ತುಂಬಿಕೊಂಡು ಮೌನ! ಎಂಥ ನಿಷ್ಠೆ!" ಎಂದು ಬಂದವರಿಗೆಲ್ಲ ಹೇಳಿದರು. ಈಗ ಅವಳು ಸುಮ್ಮನಿರುವುದನ್ನು ನೋಡಲೂ ಜನ ಬರತೊಡಗಿದರು. ನಾನು ಮೂಗು ಮುರಿಯುವುದನ್ನೂ ಬಿಟ್ಟುಬಿಟ್ಟಿದ್ದೆ. ಅಷ್ಟಮಿಯ ದಿನ ಹನಿ ನೀರೂ ಇಲ್ಲವಲ್ಲ ಎಂಬುದೊಂದೇ ತಲೆಯಲ್ಲಿ ಕೊರೆಯುತ್ತಿತ್ತು.

ಆ ದಿನ ಬಂದೇ ಬಂತು. ಚಕ್ಕುಲಿ ನಾನು ಸುಡುತ್ತೇನೆ, ಅಕ್ಕ ಹೂ ಕಟ್ಟಲಿ ಎಂದು ಬೇಡಿಕೊಂಡೆ. ಮಾವಯ್ಯ ಕೇಳಲಿಲ್ಲ. ವ್ರತದಲ್ಲಿರುವವಳ ಕೈಯ ನೈವೇದ್ಯವೇ ಆಗಬೇಕಂತೆ. ನಾನಾದರೆ ಅವಳನ್ನು ಮಾತಿಗೆಳೆಯುತ್ತೇನೆಂದು ಮಡಿಗೂ ಸೇರಿಸಲಿಲ್ಲ. ಆದರೆ ಹೊಸಿಲಿನಾಚೆ ಕೂರಬೇಡ ಎಂದು ಯಾರೂ ಹೇಳಿರಲಿಲ್ಲ. ತುಳಸಿಯ ಬುಟ್ಟಿ ಇಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲೇ ಕೂತೆ, ಮಾಲೆ ಕಟ್ಟುವ ನೆಪದಲ್ಲಿ. ಮಾವಯ್ಯ ಪಕ್ಕದ ದೇವರಕೋಣೆಯಲ್ಲಿ ಗಂಧ ತೇಯುತ್ತಿದ್ದರು.

ಮಧ್ಯಾಹ್ನದ ತನಕ ಕೆಲಸ ಸರಾಗವಾಗಿ ನಡೆಯಿತು. ಒದ್ದೆ ಸೀರೆ ಅವಳ ಮೈಮೇಲೆಯೇ ಒಣಗಿತ್ತು. ಚಕ್ಕುಲಿಯ ಬುಟ್ಟಿ ತುಂಬುತ್ತ ಬಂತು. ಆಮೇಲೆ ನನ್ನ ಕಣ್ಣು ಅವಳ ಕುತ್ತಿಗೆಗೆ ಹೋಯಿತು. ತುಟಿ ಬಿಗಿಯಾಗಿ ಮುಚ್ಚಿತ್ತು, ಆದರೆ ಗಂಟಲ ಮೇಲೆ ಚರ್ಮದಡಿಯಲ್ಲಿ ಏನೋ ಸಣ್ಣಗೆ ಅಲುಗುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಅಲುಗುತ್ತಿತ್ತು. ಡಾಕ್ಟರು ಹೇಳಿರದಿದ್ದರೆ ನಾನು ಅದನ್ನು ನೋಡುತ್ತಲೇ ಇರಲಿಲ್ಲ. ಅತ್ತೆ ಮಾತಾಡುತ್ತಿದ್ದರು. ನನ್ನ ಕಣ್ಣೆದುರಿಗೇ, ಅವಳದೇ ಗಂಟಲಿನಲ್ಲಿ.

"ಅಕ್ಕ, ಹಾಡು" ಎಂದೆ ಮೆಲ್ಲಗೆ. "ಮೌನ ಹಾಳಾಗಿ ಹೋಗಲಿ. ಹಾಡು."

ಅವಳು ನನ್ನತ್ತ ನೋಡಿ ತಲೆ ಅಲ್ಲಾಡಿಸಿದಳು. ಜಾಲರಿಯನ್ನು ಕೆಳಗಿಟ್ಟಳು. ಬಲಗೈಯ ಬಳೆಗಳನ್ನು ಒಂದೊಂದಾಗಿ ಮೇಲಕ್ಕೆ ಸರಿಸತೊಡಗಿದಳು.

ಹೇಗೆ ಹೊಸಿಲು ದಾಟಿದೆನೋ ತಿಳಿಯದು. ಮೈಲಿಗೆಯ ಬಟ್ಟೆಯಲ್ಲಿ ಮಡಿಯ ಅಡುಗೆಮನೆಗೆ ನುಗ್ಗಿ ಅವಳ ಮುಂಗೈ ಹಿಡಿದೆ. ಆ ಬಡಕಲು ಕೈಗೆ ಅಷ್ಟು ಬಲ ಎಲ್ಲಿಂದ ಬಂದಿತ್ತೋ! ನಾನು ಮೇಲಕ್ಕೆಳೆದರೆ ಅದು ಕೆಳಗೇ ಹೋಗುತ್ತಿತ್ತು. ಬಾಣಲೆಯ ಬಿಸಿ ನನ್ನ ಬೆರಳಿಗೂ ತಾಗುತ್ತಿತ್ತು. ಒಂದು ಕೈ ಬಿಡದೆ, ಇನ್ನೊಂದನ್ನು ಬುಟ್ಟಿಗೆ ಹಾಕಿ, ಸಿಕ್ಕ ಚಕ್ಕುಲಿಯನ್ನು ಮುರಿದು ಅವಳ ಬಾಯಿಗೆ ತುರುಕಿದೆ.

"ಅಗಿ. ಅಗಿ ಅಂದೆ ಅಕ್ಕ!"

ದೇವರಿಗೆ ತೋರಿಸದ ಚಕ್ಕುಲಿ. ಅಷ್ಟಮಿಯ ದಿನ. ಅವಳು ಕಣ್ಣು ಅಗಲಿಸಿ, ಬಾಯಲ್ಲಿ ಅದನ್ನು ಹಾಗೆಯೇ ಇಟ್ಟುಕೊಂಡು, ಅಲ್ಲಾಡದೆ ನಿಂತಳು. ಆಗ ಉಳಿದರ್ಧವನ್ನು ನಾನೇ ಬಾಯಿಗೆ ಹಾಕಿಕೊಂಡು ಕಟಕಟನೆ ಅಗಿದೆ. ಕೇಳಲಿ ಎಂದೇ ಅಷ್ಟು ಜೋರಾಗಿ ಅಗಿದೆ. ಅವಳು ನನ್ನ ಬಾಯಿಯನ್ನೇ ನೋಡಿದಳು. ಮೆಲ್ಲನೆ ಅವಳ ದವಡೆಯೂ ಆಡಿತು. ಕೈಯ ಬಿಗಿ ಸಡಿಲವಾಯಿತು.

"ತುಂಗಾ! ಎಂತ ಮಾಡಿದೆ ನೀನು?"

ಮಾವಯ್ಯ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಗಂಧದ ಬಟ್ಟಲು. ನನ್ನ ಬಾಯಿ ತುಂಬಿತ್ತು, ಮಾತು ಹೊರಡಲಿಲ್ಲ. ಅಕ್ಕ ನುಂಗಿದಳು. ಅಷ್ಟು ದಿನ ಮುಚ್ಚಿದ್ದ ಗಂಟಲಿನಿಂದ ದನಿ ಒಡೆದು ಒಡೆದು ಬಂತು.

"ಅವಳನ್ನು ಬೈಯಬೇಡಿ ಮಾವಯ್ಯ. ನಾನು. ಆ ಅಷ್ಟಮಿಗೂ ನಾನೇ ತಿಂದಿದ್ದೆ. ಹೊಟ್ಟೆಯಲ್ಲಿ ಮಗು ಇತ್ತು, ಹಸಿವು ತಡೀಲಿಕ್ಕೆ ಆಗಲಿಲ್ಲ. ಅತ್ತೆ ಕೇಳಿದಾಗ ಸುಳ್ಳು ಹೇಳಿದೆ. ಎಣ್ಣೆಗೆ ಕೈ ಹಾಕು ಅಂತ ಅವರು ಈಗಲೂ ಹೇಳ್ತಿದ್ದಾರೆ. ಹಾಡದಿದ್ದರೆ ಹೇಳ್ತಾರೆ. ಹಾಡುವುದು ಭಕ್ತಿಗಲ್ಲ ಮಾವಯ್ಯ, ಹೆದರಿಕೆಗೆ."

ಮಾವಯ್ಯ ಬಾಣಲೆಯನ್ನು ನೋಡಿದರು. ಮೊಣಕೈಗೆ ಏರಿ ಕೂತಿದ್ದ ಅವಳ ಬಳೆಗಳನ್ನು ನೋಡಿದರು. ಆ ಹಿಂದಿನ ಅಷ್ಟಮಿಯಲ್ಲೂ ಅವರು ಪಕ್ಕದ ಕೋಣೆಯಲ್ಲೇ ಗಂಧ ತೇಯುತ್ತಿದ್ದರು. ಹೆಂಡತಿ ಆಡಿದ ಮಾತು ಅವರ ಕಿವಿಗೂ ಬಿದ್ದಿತ್ತು. ಎದ್ದು ಬಂದಿರಲಿಲ್ಲ. ಈಗ ಬೈಯುತ್ತಾರೆ, ನೈವೇದ್ಯ ಕೆಡಿಸಿದಿರಿ ಎಂದು ಕೂಗಾಡುತ್ತಾರೆ ಎಂದು ನಾನು ಕಾದೆ.

"ಎಣ್ಣೆ ಇಳಿಸು" ಎಂದರು. "ತುಂಗಾ, ಮೊದಲು ಆ ಎಣ್ಣೆ ಇಳಿಸು."

ಇಳಿಸಿ ಹಿತ್ತಿಲಿಗೆ ಒಯ್ದಿಟ್ಟೆ. ತಿರುಗಿ ಬಂದಾಗ ಮಾವಯ್ಯ ಹೊಸಿಲ ಮೇಲೆ ಕೂತಿದ್ದರು. ಅಕ್ಕ ಅಲ್ಲೇ ನೆಲದ ಮೇಲೆ ಕೂತು ಇನ್ನೊಂದು ಚಕ್ಕುಲಿ ತಿನ್ನುತ್ತಿದ್ದಳು, ಹಸಿದ ಮಕ್ಕಳ ಹಾಗೆ. ಅವರು ಬೇಡವೆನ್ನಲಿಲ್ಲ. ಆ ವರ್ಷ ನಮ್ಮ ಮನೆಯ ಕೃಷ್ಣನಿಗೆ ಹಾಲು, ಬಾಳೆಹಣ್ಣು ಅಷ್ಟೇ. ಹಾಡು ಕೇಳಲು ಬಂದವರಿಗೆ ಸೊಸೆಗೆ ಮೈಯಲ್ಲಿ ಸ್ವಸ್ಥ ಇಲ್ಲವೆಂದು ಮಾವಯ್ಯನೇ ಬಾಗಿಲಲ್ಲಿ ನಿಂತು ಹೇಳಿ ಕಳಿಸಿದರು.

ಕಿಟ್ಟಣ್ಣ ಭಾವ ಮಾತು ಉಳಿಸಿಕೊಂಡರು. ಆಸ್ಪತ್ರೆಗೆ ಅವರೇ ಕರೆದುಕೊಂಡು ಹೋದರು, ಮಾವಯ್ಯನೂ ಜೊತೆಗೆ ಹೋದರು. ಮಾತ್ರೆಗೆ ಅಕ್ಕ ಕೂತಲ್ಲೇ ತೂಕಡಿಸುತ್ತಿದ್ದಳು. ನಾಲಿಗೆ ಒಣಗುತ್ತದೆ ಎನ್ನುತ್ತಿದ್ದಳು. ಹಾಡು ನಿಂತುಹೋಯಿತು. ಕುಂಕುಮಕ್ಕೆ ಬರುವವರೂ ನಿಂತರು. ವ್ರತ ಕೆಟ್ಟದ್ದಕ್ಕೆ ದೇವರು ಕಂಠ ಕಿತ್ತುಕೊಂಡ ಎಂದು ಒಬ್ಬರು ನನ್ನ ಹತ್ತಿರವೇ ಹೇಳಿದರು. ಅವರಿಗೆ ನಾನು ಹೇಳಿದ್ದನ್ನು ಇಲ್ಲಿ ಬರೆಯಲಾರೆ. ಮನೆಯೊಳಗೆ ಕರಿಯುವುದನ್ನು ಮಾವಯ್ಯ ನಿಲ್ಲಿಸಿಬಿಟ್ಟರು. ಹಪ್ಪಳ ಕೂಡ ಹೋಟೆಲಿನಿಂದಲೇ ಬರುತ್ತಿತ್ತು.

ದೀಪಾವಳಿಯ ಹಿಂದುಮುಂದಿನ ಒಂದು ಮಧ್ಯಾಹ್ನ ಇಬ್ಬರೂ ಹಿತ್ತಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಅವಳ ಗಂಟಲ ಮೇಲೆ ನನ್ನ ಕಣ್ಣು ಹೋಯಿತು. ಅದೊಂದು ಕೆಟ್ಟ ಚಾಳಿಯಾಗಿಬಿಟ್ಟಿತ್ತು ನನಗೆ. ಸಣ್ಣಗೆ ಅಲುಗುತ್ತಿತ್ತು.

"ಅಕ್ಕ, ಅತ್ತೆಯಾ?" ಎಂದೆ.

ಅವಳು ಅಡ್ಡಡ್ಡ ತಲೆಯಾಡಿಸಿದಳು. "ಅತ್ತೆಯ ದನಿ ಹೋಯಿತು. ಈಗ ನನ್ನ ದನಿಯೇ."

"ಎಂತ ಹೇಳ್ತದೆ?"

"ಅದೇ. ಕೈ ಹಾಕು ಅಂತ."

ಅವಳು ಒಂದು ಕಾಯಿ ಬಿಡಿಸಿ, ಕಾಳುಗಳನ್ನು ಪಾತ್ರೆಗೆ ಹಾಕಿ, ಇನ್ನೊಂದನ್ನು ಕೈಗೆತ್ತಿಕೊಂಡಳು.

"ಅತ್ತೆಗೆ ಎದುರು ಮಾತಾಡಲಿಕ್ಕೆ ನನಗೆ ಯಾವತ್ತೂ ಬರಲಿಲ್ಲ ತುಂಗಾ" ಎಂದಳು. "ಇವಳಿಗೆ ಮಾತ್ರ ಬೇಡ ಅಂತೇನೆ. ಕೆಲವು ಸಲ ಕೇಳ್ತಾಳೆ. ಕೆಲವು ಸಲ ಕೇಳುವುದಿಲ್ಲ."

ನಾನು ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಅವಳ ಬಲಗೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಎಡಗೈಯಲ್ಲೇ ಅವರೆಕಾಯಿ ಬಿಡಿಸಲು ನೋಡಿದಳು, ಆಗಲಿಲ್ಲ, ಸುಮ್ಮನೆ ಕೂತಳು.